ಏಳು ಸಲಿಕೆ, ಒಂದು ಹೆಸರು

ಕಲ್ಲು ಕಾಣೆಯಾಗಿತ್ತು. ಕಲ್ಲಿದ್ದ ಜಾಗವೂ ಕಾಣೆಯಾಗಿತ್ತು!

ಸೋಮವಾರ ಬೆಳಗ್ಗೆ ಇದನ್ನು ಮೊದಲು ಕಂಡವನು ಇಗರ್ಜಿಯ ಗಂಟೆ ಹೊಡೆಯುವ ಬಾಲ್ತಸಾರ್. ಗಂಟೆಯನ್ನು ಅಲ್ಲಿಗೇ ಬಿಟ್ಟು, ಇಳಿಜಾರಿನ ಓಣಿಯಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ಕಾಫಿಯಲ್ಲಿ ಬ್ರೆಡ್ಡು ಅದ್ದುತ್ತಿದ್ದ ಪೇದೆ ಲೆಯಾಂದ್ರೊನ ಬಾಗಿಲು ಬಡಿದ.

“ಗೋಡೆ ಬೆಳ್ಳಗಾಗಿದೆ, ಲೆಯಾಂದ್ರೊ!”

“ನಮ್ಮೂರಲ್ಲಿ ಯಾವ ಗೋಡೆ ಕಪ್ಪಗಿದೆ ಮಾರಾಯ? ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡು ಬಂದಿದೀಯಾ?”

“ಪೂರ್ತಿ ಬೆಳ್ಳಗಿದೆ ಅಂದೆ! ಕಲ್ಲೇ ಇಲ್ಲ!”

ಲೆಯಾಂದ್ರೊ ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಹೊರಟ. ಬೆನಾಲ್ಬಾರ್ ಊರಿಗೆ ಇದ್ದವನು ಅವನೊಬ್ಬನೇ ಪೇದೆ. ಕುಡುಕರನ್ನು ಮನೆಗೆ ತಲುಪಿಸುವುದು, ಕತ್ತೆಗಳ ಜಗಳ ಬಿಡಿಸುವುದು — ಇಷ್ಟು ಬಿಟ್ಟರೆ ಅವನ ಕೈಗೆ ದೊಡ್ಡ ಪ್ರಕರಣ ಬಂದದ್ದೇ ಇಲ್ಲ. ಬಂದದ್ದು ಬಂತು, ಇಂಥ ದಿನವೇ ಬರಬೇಕಿತ್ತೇ?

ಸುಣ್ಣಗಾರರ ಇಗರ್ಜಿಯ ಮುಂದೆ ಆಗಲೇ ಜನ ಸೇರಿದ್ದರು. ಬಾಗಿಲಿನ ಬಲಕ್ಕೆ, ಎದೆಯೆತ್ತರದಲ್ಲಿ ತಲೆತಲಾಂತರದಿಂದ ಇದ್ದ ಕಂದು ಕಲ್ಲು ಈಗ ಇರಲಿಲ್ಲ. ಅದು ಕಿತ್ತುಹೋಗಿದ್ದರೆ ಅಲ್ಲೊಂದು ಗುಂಡಿಯಾದರೂ ಇರಬೇಕಿತ್ತಲ್ಲ? ಅದೂ ಇಲ್ಲ. ಮೂಲೆಯಿಂದ ಮೂಲೆಗೆ ಒಂದೇ ಸಮನೆ ಬಿಳಿ ಗೋಡೆ. ಲೆಯಾಂದ್ರೊ ಚಾಕು ತೆಗೆದು ಒಂದೆಡೆ ಕೆರೆದ. ಸುಣ್ಣದ ಪದರ ಎದ್ದಿತು. ಒಳಗೆ ಹಸಿ ಗಾರೆ, ಚೂರು ಕಲ್ಲು, ಒಡೆದ ಹೆಂಚು.

“ಕಿತ್ತು, ತುಂಬಿ, ಬಳಿದು ಹೋಗಿದಾರೆ,” ಎಂದ.

ಗುಂಪಿನಲ್ಲಿ ಯಾರೋ ಅಳಲು ಶುರುಮಾಡಿದರು. ಅಳುವ ಮಾತೇ ಸರಿ. ಆ ಕಲ್ಲನ್ನು ನೋಡಲೆಂದೇ ಜಿಲ್ಲಾ ನ್ಯಾಯಾಧೀಶರು ಆ ಮಧ್ಯಾಹ್ನ ಊರಿಗೆ ಬರುವವರಿದ್ದರು. ಕಲ್ಲಿದ್ದರೆ ಸುಣ್ಣದ ಗುಡ್ಡ ಊರಿನದು. ಇಲ್ಲದಿದ್ದರೆ ಊರಿನ ಸಿರಿವಂತ ದೋನ್ ಆಲ್ವಾರೊನದು. ಅವನ ಹಿಂದೆ ಸಿಮೆಂಟ್ ಕಂಪನಿ ಬಾಯಿ ತೆರೆದುಕೊಂಡು ಕಾದಿತ್ತು.

ಕಲ್ಲಿನ ಮೇಲೆ ಇದ್ದದ್ದು ಇಷ್ಟೇ: ನಡುವೆ ಒಂದು ಭಟ್ಟಿಯ ಬಾಯಿ, ಸುತ್ತ ಏಳು ಸಲಿಕೆ, ಒಂದೊಂದು ಸಲಿಕೆಯ ಹಿಡಿಗೂ ಒಂದೊಂದು ಊರಿನ ಗುರುತು. ಕೆಳಗೆ ಒಂದೇ ಹೆಸರು — ಕಲೇರೊ.

ಕಲೇರೊ ಎಂದರೆ ಸುಣ್ಣಗಾರ. ಅದಕ್ಕಿಂತ ಹೆಚ್ಚಿನ ಗುಟ್ಟೇನೂ ಅದರಲ್ಲಿಲ್ಲ. ಗುಡ್ಡ ಜನರಿಲ್ಲದೆ ಹಾಳು ಬಿದ್ದಿದ್ದ ಕಾಲದಲ್ಲಿ ಏಳು ಊರಿನಿಂದ ಏಳು ಗಂಡಸರು ಬಂದು ಭಟ್ಟಿ ಹಚ್ಚಿದರಂತೆ. ಒಬ್ಬನಿಗೊಬ್ಬ ಅಣ್ಣನಲ್ಲ, ತಮ್ಮನಲ್ಲ. ತೆರಿಗೆಯವನು ಬಂದು ‘ನಿಮ್ಮ ಮನೆತನ ಯಾವುದು’ ಎಂದು ಕೇಳಿದ. ಏಳೂ ಜನ ಮುಖ ಮುಖ ನೋಡಿಕೊಂಡರು. ‘ಹೋಗಲಿ, ಕೆಲಸ ಏನು’ ಎಂದ. ‘ಸುಣ್ಣ ಸುಡ್ತೀವಿ’ ಎಂದರು. ಅವನು ಏಳಕ್ಕೂ ಕಲೇರೊ ಎಂದು ಗೀಚಿ ಕುದುರೆ ಹತ್ತಿದ. ದೇಶದಲ್ಲಿ ಎಲ್ಲೆಲ್ಲಿ ಭಟ್ಟಿ ಹೊಗೆಯಾಡಿತೋ ಅಲ್ಲೆಲ್ಲ ಈ ಹೆಸರು ಹೀಗೇ ಹುಟ್ಟಿಕೊಂಡಿತು. ಒಂದೂರಿನ ಕಲೇರೊಗೂ ಇನ್ನೊಂದೂರಿನ ಕಲೇರೊಗೂ ನೆಂಟಸ್ತಿಕೆ ಇರಬೇಕೆಂದಿಲ್ಲ. ಬೆನಾಲ್ಬಾರ್‌ನಲ್ಲಂತೂ ಕಣ್ಣು ಮುಚ್ಚಿ ಒಂದು ಕಲ್ಲೆಸೆದರೆ ಅದು ಯಾವನಾದರೂ ಕಲೇರೊನ ತಲೆಗೇ ಬೀಳುತ್ತಿತ್ತು. ಕಲೇರೊ ಕಲೇರೊಳನ್ನೇ ಮದುವೆಯಾಗಿ, ಅಪ್ಪನದೊಂದು ಅಮ್ಮನದೊಂದು ಸೇರಿ ಮಗ ಕಲೇರೊ ಕಲೇರೊ ಆಗಿ, ಅಂಚೆಯವನು ತಲೆ ಚಚ್ಚಿಕೊಳ್ಳುತ್ತಿದ್ದ. ಅದಕ್ಕೇ ಊರಲ್ಲಿ ಎಲ್ಲರಿಗೂ ಅಡ್ಡಹೆಸರು.

ದೋನ್ ಆಲ್ವಾರೊ ಕೂಡ ಕಲೇರೊನೇ. ಆದರೆ ಅವನ ಕಥೆ ಬೇರೆ. ಕಲೇರೊ ಎಂಬ ವೀರನೊಬ್ಬ ಯುದ್ಧ ಗೆದ್ದು ಗುಡ್ಡವನ್ನು ಉಂಬಳಿ ಪಡೆದ, ತಾನೇ ಅವನ ಕುಡಿ, ಊರಿನ ಉಳಿದ ಕಲೇರೊಗಳೆಲ್ಲ ಆ ವೀರನ ಆಳುಗಳು, ಒಡೆಯನ ಹೆಸರನ್ನು ಅಂಟಿಸಿಕೊಂಡವರು — ಎಂದು ಕೋರ್ಟಿಗೆ ಹೇಳಿದ್ದ. ದೇಶವನ್ನು ಹಿಡಿದಿಟ್ಟಿದ್ದ ಸರ್ವಾಧಿಕಾರಿ ಸತ್ತು ಕೆಲವೇ ವರ್ಷವಾಗಿತ್ತು. ಊರಿನವರಿಗೂ ಕೋರ್ಟಿನ ಮೆಟ್ಟಿಲು ಹತ್ತುವ ಧೈರ್ಯ ಬಂದಿತ್ತು. ‘ನಮ್ಮ ಕಲ್ಲು ನೋಡಿ’ ಎಂದರು. ಫೋಟೋ ನಂಬಬೇಡಿ ಎಂದು ಅವನ ವಕೀಲ ತಕರಾರು ತೆಗೆದ. ಹಾಗಾದರೆ ಕಣ್ಣಾರೆ ನೋಡುತ್ತೇನೆ ಎಂದರು ನ್ಯಾಯಾಧೀಶರು. ಈಗ ನೋಡಲು ಬಿಳಿ ಗೋಡೆ ಮಾತ್ರ ಉಳಿದಿತ್ತು.

“ಹಿಡೀರಿ ಬೆಕ್ಕನ್ನ!”

ಯಾರು ಕೂಗಿದರೋ. ಗುಂಪು ಸಿರಿಯಾಕೊನ ಮೇಲೆ ಬಿತ್ತು. ‘ಬೆಕ್ಕು’ ಎಂಬುದು ಅವನ ಅಡ್ಡಹೆಸರು. ಎಲ್ಲಿ ಬಿದ್ದರೂ ಎದ್ದು ನಿಲ್ಲುತ್ತಾನೆಂದು. ಗಾರೆ ಕೆಲಸ ಬಲ್ಲವನು, ಭಟ್ಟಿಗೆ ಕಲ್ಲು ಜೋಡಿಸುವವನು. ಶನಿವಾರ ದೋನ್ ಆಲ್ವಾರೊನ ಮೇಸ್ತ್ರಿಯ ಜೊತೆ ಕುಡಿದದ್ದನ್ನು ಎಲ್ಲರೂ ಕಂಡಿದ್ದರು.

ಲೆಯಾಂದ್ರೊ ನಡುವೆ ನುಗ್ಗಿ ಅವನ ಕಾಲರ್ ಹಿಡಿದು ಈಚೆಗೆ ಎಳೆದ.

“ನಿನ್ನೆ ಎಲ್ಲಿದ್ದೆ?”

“ಎಲ್ಲಿರ್ತೀನಿ? ಭಟ್ಟಿ ಹತ್ರ. ಊರಿಗೂರೇ ಅಲ್ಲಿತ್ತಲ್ಲ!”

ಅದೂ ನಿಜವೇ. ಭಾನುವಾರ ವರ್ಷದ ಮೊದಲ ಭಟ್ಟಿ ಹಚ್ಚಿದ ದಿನ. ಮಧ್ಯಾಹ್ನದಿಂದ ಊರೆಲ್ಲ ಗುಡ್ಡದ ಮೇಲೆ — ಹುರಿದ ಮೆಣಸಿನಕಾಯಿ, ತಣ್ಣನೆಯ ಟೊಮ್ಯಾಟೊ ಸಾರು, ವೈನು, ಗಿಟಾರು. ಕತ್ತಲಾದ ಮೇಲೆ ತೂರಾಡುತ್ತ ಇಳಿದು ಬಂದವರಿಗೆ ಇಗರ್ಜಿಯ ಗೋಡೆ ನೋಡುವ ಗೊಡವೆಯೇ ಇರಲಿಲ್ಲ.

“ಊಟದ ಹೊತ್ತಲ್ಲಿ ನೀನು ಕಾಣಲಿಲ್ಲ.”

“ಭಟ್ಟಿ ಹಿಂದೆ ಮಲಗಿದ್ದೆ.”

“ನೋಡಿದೋರು?”

“ನಾಯಿ ಇತ್ತು. ಕೇಳು ಅದನ್ನ!”

ಸಿಟ್ಟಿನಲ್ಲಿದ್ದ ಗುಂಪಿನಲ್ಲೂ ಒಬ್ಬಿಬ್ಬರು ನಕ್ಕರು.

“ಮೇಸ್ತ್ರಿ ಜೊತೆ ಏನು ಮಾತು?”

“ಮಾತಾ? ಅವನು ಕುಡಿಸ್ದ, ನಾನು ಕುಡ್ದೆ. ಕಲ್ಲಿನ ವಿಷ್ಯ ಎತ್ತಿದ. ಥೂ, ನಿನ್ನಪ್ಪ ಅಂತ ಬೈದು ಎದ್ದುಬಂದೆ. ಗ್ಲಾಸು ಮುಗಿಸಿಯೇ ಎದ್ದೆ, ಸುಳ್ಳು ಯಾಕೆ ಹೇಳ್ಲಿ?”

ಲೆಯಾಂದ್ರೊ ಮತ್ತೆ ಗೋಡೆಯ ಕಡೆ ತಿರುಗಿದ. ಅಂಗೈಯಿಂದ ಉದ್ದಕ್ಕೂ ಸವರಿದ. ಎಲ್ಲೂ ತರಿತರಿ ಇಲ್ಲ. ಅಂಗೈಗೆ ಬಿಳಿ ಹತ್ತಲಿಲ್ಲ. ಕೆಳಗೆ ಕುಳಿತು ನೆಲದ ಕೆಂಪು ಇಟ್ಟಿಗೆಗಳನ್ನು ನೋಡಿದ. ಗೋಡೆಯ ಬುಡದಲ್ಲಿ ಸಾಲಾಗಿಟ್ಟಿದ್ದ ಹೂವಿನ ಕುಂಡಗಳನ್ನು ನೋಡಿದ, ಎಲೆಗಳನ್ನು ಒಂದೊಂದಾಗಿ ತಿರುವಿದ.

“ಏನ್ ಹುಡುಕ್ತಿದೀಯ?” ಎಂದ ಬಾಲ್ತಸಾರ್.

“ಸಿಗಬೇಕಾಗಿದ್ದು ಸಿಗ್ತಾ ಇಲ್ಲ,” ಎಂದು ಎದ್ದ. “ಸಿರಿಯಾಕೊ, ನೀನು ಜನ್ಮದಲ್ಲಿ ಯಾವತ್ತಾದ್ರೂ ಗೋಡೆಗೆ ಸುಣ್ಣ ಬಳ್ದಿದೀಯಾ?”

“ನಾನಾ? ನಾನೇನು ಲಂಗ ಉಟ್ಟಿದೀನಾ?”

ಈ ಬಾರಿ ಎಲ್ಲರೂ ನಕ್ಕರು. ಲೆಯಾಂದ್ರೊ ನಗಲಿಲ್ಲ. ಸಿರಿಯಾಕೊನನ್ನು ಚೌಕಿಯ ಕೋಣೆಯಲ್ಲಿ ಕೂರಿಸಿ ಬೀಗ ಹಾಕಿದ. ಅದು ಅವನನ್ನು ಹಿಡಿಯಲು ಹಾಕಿದ ಬೀಗವೋ ಜನರಿಂದ ಉಳಿಸಲು ಹಾಕಿದ ಬೀಗವೋ, ಪೇದೆಗೇ ಗೊತ್ತು.

ದೋನ್ ಆಲ್ವಾರೊ ಬೆಳಗಿನ ತಿಂಡಿಗೆ ಕುಳಿತಿದ್ದ. ನಡುಮನೆಯಲ್ಲಿ ಚಿನ್ನದ ಚೌಕಟ್ಟಿನೊಳಗೆ ಸಿಂಹ, ಕತ್ತಿ, ಕೋಟೆ ಇದ್ದ ಬಣ್ಣಬಣ್ಣದ ಲಾಂಛನ. ಪೇಟೆಯಲ್ಲಿ ಹೆಸರು ಹೇಳಿದರೆ ಸಂಜೆಯೊಳಗೆ ಇಂಥದನ್ನು ಬರೆದುಕೊಡುವ ಅಂಗಡಿಗಳಿವೆ ಎಂಬುದು ಊರಿಗೆಲ್ಲ ಗೊತ್ತಿತ್ತು.

“ಬಾಪ್ಪಾ, ಲೆಯಾಂದ್ರೊ. ನೀನೂ ಕಲೇರೊ, ನಾನೂ ಕಲೇರೊ. ಕೂತ್ಕೊ ಅನ್ನೋಣ ಅಂದ್ರೆ ಕುರ್ಚಿ ಇರೋದು ಒಂದೇ!”

“ನಿಂತೇ ಕೇಳ್ತೀನಿ, ದೋನ್ ಆಲ್ವಾರೊ. ನಿನ್ನೆ ಎಲ್ಲಿದ್ರಿ?”

“ಸೆವಿಲ್ಯಾದಲ್ಲಿ. ಗೂಳಿ ಕಾಳಗ ನೋಡೋಕೆ. ಮೇಸ್ತ್ರೀನೂ ನನ್ನ ಜೊತೆಗಿದ್ದ, ಕಾರು ಓಡಿಸ್ಕೊಂಡು. ಬೆಳಗ್ಗೆ ಬಂದ್ವಿ. ಯಾರನ್ನ ಬೇಕಾದ್ರೂ ಕೇಳು.”

“ಕಲ್ಲು ಹೋದ್ರೆ ಲಾಭ ನಿಮಗೊಬ್ರಿಗೇ.”

“ಲಾಭ ನನಗೇ. ಅದಕ್ಕೆ ನಾನೇ ಹಾರೆ ಹಿಡೀಬೇಕಾ?” ಅವನು ಬೆಣ್ಣೆ ಸವರುತ್ತಲೇ ಮಾತಾಡಿದ. “ನೀವೆಲ್ಲ ಹೆಸರು ಹೆಸರು ಅಂತ ಬಡ್ಕೊಳ್ತೀರಿ. ಆದ್ರೆ ನಿಮ್ಮೂರಲ್ಲಿ ಹೆಸರು ಇಲ್ಲದೋರೂ ಇದಾರೆ. ಅವರಿಗೆ ಗುಡ್ಡ ಇದ್ದರೇನು, ಹೋದರೇನು?”

ಹೆಸರಿಲ್ಲದವನು ಎಂದೊಡನೆ ಲೆಯಾಂದ್ರೊನ ಕಣ್ಣ ಮುಂದೆ ಬಂದವನು ಸ್ವಂತ ಅಕ್ಕನ ಮಗ ಎಲೋಯ್.

ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು. ಅಪ್ಪನದು ಮೊದಲು, ಅಮ್ಮನದು ಹಿಂದೆ. ಹೆಂಗಸು ಮದುವೆಯಾದರೂ ತನ್ನ ಹೆಸರು ಬಿಡುವುದಿಲ್ಲ. ಮಕ್ಕಳಿಗೂ ಕೊಡುತ್ತಾಳೆ, ಆದರೆ ಎರಡನೆಯ ಜಾಗದಲ್ಲಿ. ಮೊಮ್ಮಕ್ಕಳ ಹೊತ್ತಿಗೆ ಅದು ಉದುರಿಹೋಗುತ್ತದೆ. ಲೆಯಾಂದ್ರೊನ ಅಕ್ಕ ಸಗ್ರಾರಿಯೊ ಮದುವೆಯಾದದ್ದು ಹೊರ ಊರಿನಿಂದ ಹೇಸರಗತ್ತೆಯ ಮೇಲೆ ಸರಕು ತರುತ್ತಿದ್ದವನೊಬ್ಬನನ್ನು — ಇನೊಹೋಸಾ ಮನೆತನ. ಹೀಗಾಗಿ ಮಗ ಎಲೋಯ್ ಇನೊಹೋಸಾ ಕಲೇರೊ. ಭಟ್ಟಿಯಲ್ಲಿ ಸರದಿಯಂತೆ ಸುಡುವ ಪಾಳಿ, ಗುಡ್ಡದ ಕಲ್ಲು, ಸಭೆಯಲ್ಲಿ ಮಾತು — ಎಲ್ಲವೂ ಕಲೇರೊ ಮೊದಲ ಹೆಸರಾದ ಗಂಡಸರಿಗೆ ಮಾತ್ರ. ಎಲೋಯ್‌ಗೆ ಇಲ್ಲ. ಅವನಿಗೆ ಹುಟ್ಟಿದ್ದ ಇಬ್ಬರು ಹೆಣ್ಣುಮಕ್ಕಳಿಗಂತೂ ಹೆಸರಿನ ವಾಸನೆಯೂ ಇಲ್ಲ.

ಅಕ್ಕನ ಮನೆ ಇಗರ್ಜಿಯಿಂದ ಎರಡು ಬಾಗಿಲು ಆಚೆ. ಓಣಿಯಲ್ಲಿ ಅದೊಂದೇ ಮನೆ ಮಂಕಾಗಿತ್ತು. ಕಳೆದ ಚಳಿಗಾಲದ ಮಳೆಯ ಕಲೆ ಗೋಡೆಯ ಮೇಲೆ ಹಾಗೇ ಇತ್ತು. ಭಾವ ಸತ್ತದ್ದು ಕ್ರಿಸ್‌ಮಸ್ಸಿನ ಹಿಂದೆಮುಂದೆ. ಸಾವಾದ ಮನೆಗೆ ವರ್ಷ ತುಂಬುವವರೆಗೆ ಸುಣ್ಣ ಬಳಿಯುವಂತಿಲ್ಲ, ಆ ಮನೆಯ ಹೆಂಗಸು ಹಬ್ಬ ಊಟಕ್ಕೆ ಹೋಗುವಂತಿಲ್ಲ.

ಸಗ್ರಾರಿಯೊ ಕಪ್ಪು ಬಟ್ಟೆಯಲ್ಲಿ ಒಲೆಯ ಮುಂದೆ ಇದ್ದಳು. ತಾಯಿ ಸತ್ತಾಗ ಲೆಯಾಂದ್ರೊ ತೊಟ್ಟಿಲ ಕೂಸು. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಈ ಅಕ್ಕ. ಪೇದೆಯ ಕೆಲಸ ಸಿಕ್ಕ ದಿನ ಅವಳು ಊರಿಗೆಲ್ಲ ಹಂಚಿದ ಸಿಹಿಯನ್ನು ಜನ ಇನ್ನೂ ನೆನೆಯುತ್ತಿದ್ದರು.

“ಬಾರೋ ಕೂಸೆ. ಟೋಪಿ ಎಲ್ಲಿ? ತಲೆ ಕಾಯ್ತಾ ಇದೆ ನೋಡು. ಕಾಫಿ ಕುಡಿ.”

“ಅಕ್ಕ, ಎಲೋಯ್ ನಿನ್ನೆ ಎಲ್ಲಿದ್ದ?”

ಅವಳ ಕೈ ನಿಂತಿತು. “ಅವನ ಮೇಲೆ ಅನುಮಾನವಾ ನಿನಗೆ? ಸೌದೆ ಹೊರೋಕೆ ಕರೆದಿದ್ರಲ್ಲ ನಿಮ್ಮೋರು! ಪಾಳಿ ಕೊಡೋಕೆ ಆಗಲ್ಲ, ಸೌದೆ ಹೊರೋಕೆ ಆಗ್ತಾನೆ. ಕತ್ತಲಾಗೋವರ್ಗೂ ಹೊತ್ತಿದಾನೆ. ನೂರು ಕಣ್ಣು ನೋಡಿವೆ.”

ಹೌದು, ಲೆಯಾಂದ್ರೊ ಸ್ವತಃ ನೋಡಿದ್ದ. ಕಾಫಿ ರುಚಿಸಿತು.

“ಪಾಪ, ಆ ಬೆಕ್ಕನ್ನ ಹಿಡಿದು ಕೂರಿಸಿದೀನಿ. ಅವನ ಕೈಲಿ ಒಂದು ಗೋಡೆ ಬಳಿಸಿ ಜನಕ್ಕೆ ತೋರಿಸ್ಬೇಕು, ಅವನಿಗೆ ಬರಲ್ಲ ಅಂತ. ಒಂದು ಚೊಂಬು ಸುಣ್ಣ ಕೊಡಕ್ಕ.”

“ಸುಣ್ಣ ಎಲ್ಲಿದೆಯೋ? ಮುಗೀತು.”

“ಮುಗೀತಾ?”

“ಮೇ ತಿಂಗಳಲ್ಲಿ ಊರೆಲ್ಲ ಬಳಿದಾಗಲೇ ಎಲ್ಲರ ಮನೇಲೂ ಮುಗಿಯುತ್ತಲ್ಲ. ನಂದೇನು ಅಕ್ಷಯಪಾತ್ರೆನಾ?” ಎಂದು ಅವಳು ಒಲೆಯ ಕಡೆ ತಿರುಗಿದಳು.

ಲೆಯಾಂದ್ರೊ ಲೋಟ ಕೆಳಗಿಟ್ಟ. ಅಡುಗೆಮನೆಯ ಗೋಡೆ ನೋಡಿದ. ಹೊಗೆ ಹಿಡಿದ ಗೋಡೆ. ಕಿಟಕಿಯಾಚೆ ಹಿತ್ತಲಲ್ಲಿ ಸುಣ್ಣದ ಗುಂಡಿ, ಮೇಲೆ ಹಲಗೆ ಮುಚ್ಚಿತ್ತು. ಎದ್ದು ಹೊರಟ.

ಆಮೇಲೆ ಓಣಿಯ ಒಂದೊಂದೇ ಬಾಗಿಲು ತಟ್ಟಿದ. ‘ಒಂದು ಚೊಂಬು ಸುಣ್ಣ ಇದೆಯಾ?’ ಎಲ್ಲರದೂ ಒಂದೇ ಉತ್ತರ — ಆಗಸ್ಟಲ್ಲಿ ಸುಣ್ಣ ಕೇಳ್ತೀಯಲ್ಲ, ತಲೆ ಕೆಟ್ಟಿದೆಯಾ? ಹೊಸ ಭಟ್ಟಿ ತೆರೆದ ಮೇಲೆ ಬಾ. ಕೊನೆಯ ಬಾಗಿಲೂ ಮುಚ್ಚಿದಾಗ ಅವನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕರಿಸಿದ. ಮುಖಕ್ಕೆ ನೀರು ಎರಚಿಕೊಂಡ. ತನ್ನ ಲೆಕ್ಕ ತಪ್ಪಾಗಲಿ ದೇವರೇ ಎಂದು ಬೇಡಿದ. ಎಷ್ಟು ಬಾರಿ ಕೂಡಿ ಕಳೆದರೂ ಅದು ಆ ಮಂಕು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಮಧ್ಯಾಹ್ನ ನ್ಯಾಯಾಧೀಶರ ಕಾರು ಬಂತು. ತೆಳ್ಳಗಿನ, ಬೆವರುವ ಮನುಷ್ಯ. ಜೊತೆಗೆ ಟೈಪ್‌ರೈಟರ್ ಹೊತ್ತ ಗುಮಾಸ್ತ. ದೋನ್ ಆಲ್ವಾರೊ ಬಿಳಿ ಸೂಟಿನಲ್ಲಿ, ಕೊಡೆಯ ನೆರಳಲ್ಲಿ. ಊರೆಲ್ಲ ಗೋಡೆಯ ಮುಂದೆ. ಹಿಂದಿನ ಸಾಲಿನಲ್ಲಿ ಎಲೋಯ್, ಅವನ ಪಕ್ಕ ಸಗ್ರಾರಿಯೊ.

“ಕಲ್ಲೆಲ್ಲಿ?” ಎಂದರು ನ್ಯಾಯಾಧೀಶರು.

“ಇರಲೇ ಇಲ್ಲ ಸ್ವಾಮಿ, ಎಲ್ಲ ಕಟ್ಟುಕಥೆ,” ಎಂದ ದೋನ್ ಆಲ್ವಾರೊ.

“ಬೆಕ್ಕು ಕದ್ದ! ಅವನನ್ನ ಕೇಳಿ!” ಎಂದಿತು ಗುಂಪು. ಸಿರಿಯಾಕೊನನ್ನು ಕರೆತಂದಿದ್ದರು, ಅವನ ತುಟಿ ಒಡೆದಿತ್ತು.

“ಇವನ ಮೇಲೆ ಸಾಕ್ಷಿ ಇದೆಯೇ?” ನ್ಯಾಯಾಧೀಶರು ಪೇದೆಯ ಕಡೆ ನೋಡಿದರು. “ಇದ್ದರೆ ಕರೆದೊಯ್ಯುತ್ತೇನೆ. ಕಲ್ಲಿಲ್ಲದಿದ್ದರೆ ಗುಡ್ಡದ ವಿಷಯ ಇವತ್ತೇ ಮುಗಿಯುತ್ತದೆ.”

ಲೆಯಾಂದ್ರೊ ಮುಂದೆ ಬಂದ.

“ಸಿರಿಯಾಕೊ ಅಲ್ಲ ಸ್ವಾಮಿ. ಬೆಳಗ್ಗಿಂದ ಎಲ್ಲರೂ ಕಲ್ಲು ಎತ್ತಿದೋರ್ನ ಹುಡುಕಿದ್ರು. ಕಲ್ಲು ಎತ್ತೋಕೇನು? ಗಾರೆ ಹಳೇದು, ಹಾರೆ ಹಾಕಿದ್ರೆ ಬಿಡುತ್ತೆ. ಒಂದು ಹೇಸರಗತ್ತೆ ಇದ್ರೆ ಯಾರು ಬೇಕಾದ್ರೂ ಸಾಗಿಸ್ಬಹುದು. ನಾನು ಸುಣ್ಣ ಬಳಿದೋರ್ನ ಹುಡುಕಿದೆ.”

“ಏನು ವ್ಯತ್ಯಾಸ?”

“ಸುಣ್ಣ ಬಳಿಯೋವಾಗ ನೀರಿನ ಹಾಗೆ ಇರುತ್ತೆ, ಕಾಣಲ್ಲ. ಒಣಗಿದ ಮೇಲೇ ಬೆಳ್ಳಗಾಗೋದು. ಅಭ್ಯಾಸ ಇಲ್ದೋನು ಕಾಣ್ಲಿಲ್ಲ ಅಂತ ಮೇಲಿಂದ ಮೇಲೆ ಬಳೀತಾನೆ. ಬೆಳಗ್ಗೆ ನೋಡಿದ್ರೆ ಚಕ್ಕೆ ಚಕ್ಕೆ. ನಮ್ಮೂರ ಗಂಡಸ್ರು ಸುಣ್ಣ ಸುಡ್ತೀವೇ ಹೊರತು ಕುಂಚ ಮುಟ್ಟಿದೋರಲ್ಲ. ಈ ಗೋಡೆ ನೋಡಿ. ಮೊಟ್ಟೆ ಹಾಗಿದೆ.”

ಹೆಂಗಸರು ಮೊದಲ ಸಲ ಗೋಡೆಯನ್ನು ನಿಜವಾಗಿ ನೋಡಿದರು. ಗುಸುಗುಸು ಎದ್ದಿತು.

“ಇನ್ನೊಂದು. ಕೆಳಗೆ ನೋಡಿ. ಒಂದು ಹನಿ ಇಲ್ಲ! ಕುಂಡಗಳನ್ನ ಸರಿಸಿ, ಬಳಿದು, ನೆಲ ಒರೆಸಿ, ಮತ್ತೆ ಸಾಲಾಗಿ ಜೋಡಿಸಿದಾರೆ. ಎಲೆ ಮೇಲೂ ಒಂದು ಚುಕ್ಕಿ ಇಲ್ಲ. ಕಳ್ಳತನಕ್ಕೆ ಬಂದೋರು ನೆಲ ಯಾಕೆ ಒರೆಸ್ತಾರೆ? ಕಲ್ಲಿನ ಜಾಗ ಅಷ್ಟೇ ಬಳಿದ್ರೆ ಸಾಕಿತ್ತು, ಇಡೀ ಗೋಡೆ ಯಾಕೆ ಬಳೀತಾರೆ? ಅರ್ಧ ಬೆಳ್ಳಗೆ ಅರ್ಧ ಮಾಸಲು ಬಿಟ್ಟು ಹೋಗೋಕೆ ಕೈಯೇ ಬರಲಿಲ್ಲ. ಚಿಕ್ಕಂದಿನಿಂದ ಬಂದ ಅಭ್ಯಾಸ. ಇದು ನಮ್ಮೂರ ಹೆಂಗಸಿನ ಕೆಲಸ.”

“ಊರಲ್ಲಿ ಹೆಂಗಸರು ಬಹಳ ಇದ್ದಾರಲ್ಲ?” ಎಂದರು ನ್ಯಾಯಾಧೀಶರು.

“ಇದಾರೆ. ಸುಣ್ಣ ಇಲ್ಲ.” ಅವನು ಹಿಂದಿನ ಸಾಲಿನ ಕಡೆ ನೋಡಿದ. ‘ಹೇಳಕ್ಕ, ನೀನೇ ಹೇಳಿಬಿಡು,’ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಕಪ್ಪು ಬಟ್ಟೆಯ ಆ ಮುಖ ಅಲುಗಲಿಲ್ಲ.

“ಪೇಟೆ ಪುಡಿ ಸುಣ್ಣವಾದ್ರೆ ಕೈಗೆ ಹತ್ತುತ್ತೆ. ಹೊಸದಾಗಿ ನೀರಲ್ಲಿ ಅರಳಿಸಿದ್ದಾದ್ರೆ ತರಿ ಉಳಿಯುತ್ತೆ. ಈ ಗೋಡೇಲಿ ಎರಡೂ ಇಲ್ಲ. ಇದು ತಿಂಗಳುಗಟ್ಟಲೆ ಗುಂಡೀಲಿ ಕೂತು ಬೆಣ್ಣೆಯಾದ ಸುಣ್ಣ. ಎಲ್ಲರ ಗುಂಡೀನೂ ಮೇ ತಿಂಗಳಲ್ಲೇ ಬರಿದು. ಹೊಸ ಭಟ್ಟಿ ಹಚ್ಚಿದ್ದು ನಿನ್ನೆ. ಹಾಗಾದ್ರೆ ಆಗಸ್ಟಲ್ಲಿ ಹಳೇ ಸುಣ್ಣ ಉಳಿದಿರೋದು ಯಾರ ಮನೇಲಿ? ಮೇ ತಿಂಗಳಲ್ಲಿ ಮನೆಗೆ ಸುಣ್ಣ ಬಳೀದೆ ಇದ್ದೋರ ಮನೇಲಿ. ಅಂಥ ಮನೆ ಈ ಊರಲ್ಲಿ ಒಂದೇ. ಸಾವಾದ ಮನೆ.”

ಜನರ ಕಣ್ಣು ಎರಡು ಬಾಗಿಲು ಆಚೆಯ ಮಂಕು ಗೋಡೆಗೆ ಹೊರಳಿತು.

“ಆ ಮನೆ ಹೆಂಗಸು ನಿನ್ನೆ ಗುಡ್ಡಕ್ಕೆ ಬಂದಿರಲಿಲ್ಲ. ಬರೋ ಹಾಗಿಲ್ಲ. ಇವತ್ತು ನಾನು ಸುಣ್ಣ ಕೇಳ್ದೆ. ಮುಗೀತು ಅಂದಳು. ಗೋಡೆ ಬೆಳ್ಳಗಾಗಿಲ್ಲ, ಸುಣ್ಣವೂ ಇಲ್ಲ. ಎಲ್ಲಿ ಹೋಯ್ತು ಸ್ವಾಮಿ?” ಅವನು ಸಗ್ರಾರಿಯೊ ಕಡೆ ತಿರುಗಿದ. “ಅಕ್ಕ — ಎಲ್ಲಿ ಹೋಯ್ತು?”

ಜನ ತಾವಾಗಿಯೇ ಎರಡು ಕಡೆ ಸರಿದರು. ಸಗ್ರಾರಿಯೊ ನಡುವೆ ಒಬ್ಬಳೇ ಉಳಿದಳು. ಓಡಲಿಲ್ಲ, ಅಳಲಿಲ್ಲ. ನೇರ ನಡೆದು ಬಂದು ತಮ್ಮನ ಮುಂದೆ ನಿಂತಳು.

“ಹೌದು. ನಾನೇ ಬಳಿದೆ. ಚೆನ್ನಾಗಿ ಬಳಿದೆ.”

“ಅಮ್ಮಾ!” ಎಂದ ಎಲೋಯ್.

“ಸುಮ್ನಿರು ನೀನು. ಸೌದೆ ಹೊರೋಕಷ್ಟೇ ನೀನು ಬೇಕಾದೋನು ಇವರಿಗೆ.” ಅವಳು ಗುಂಪಿನ ಕಡೆ ತಿರುಗಿದಳು. “ನಾನೂ ಕಲೇರೊ. ಈ ಕಲ್ಲಿನ ಸುತ್ತ ನಲವತ್ತು ವರ್ಷ ಸುಣ್ಣ ಬಳಿದಿದೀನಿ, ಕಲ್ಲಿಗೆ ಒಂದು ಹನಿ ತಾಗದ ಹಾಗೆ. ನನ್ನ ಮಗನಿಗೆ ಪಾಳಿ ಇಲ್ಲ. ಮೊಮ್ಮಕ್ಕಳಿಗೆ ಹೆಸರೂ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ! ದೋನ್ ಆಲ್ವಾರೊ ಮಾತು ಕೊಟ್ಟಿದಾರೆ. ಸಿಮೆಂಟ್ ಕಂಪನೀಲಿ ನನ್ನ ಮಗನಿಗೆ ಕೆಲಸ, ಇರೋಕೆ ಮನೆ. ಅಲ್ವಾ ದೋನ್ ಆಲ್ವಾರೊ? ಹೇಳಿ ಇವರಿಗೆ!”

ದೋನ್ ಆಲ್ವಾರೊ ಕೊಡೆಯನ್ನು ಇನ್ನಷ್ಟು ಕೆಳಗೆಳೆದುಕೊಂಡ.

“ಈ ಹೆಂಗಸು ಯಾರು ಅಂತ ನನಗೆ ಗೊತ್ತೇ ಇಲ್ಲ, ಸ್ವಾಮಿ.”

ಸಗ್ರಾರಿಯೊಳ ಬಾಯಿ ತೆರೆದೇ ಇತ್ತು. ಅವನನ್ನೇ ನೋಡಿದಳು. ಆಮೇಲೆ ಒಂದು ಬಗೆಯಲ್ಲಿ ನಕ್ಕಳು. ಆ ನಗು ಕೇಳಲಾಗದೆ ಎಲೋಯ್ ಮುಖ ಮುಚ್ಚಿಕೊಂಡ.

“ಅಕ್ಕ,” ಎಂದ ಲೆಯಾಂದ್ರೊ, “ಆ ಕಲ್ಲು ಏನು ಹೇಳುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ? ಏಳು ಜನ, ಏಳು ಊರು, ಏಳು ರಕ್ತ. ಸುಣ್ಣ ಸುಟ್ಟಿದ್ದಕ್ಕೇ ಹೆಸರು ಬಂತು. ಎಲೋಯ್‌ಗೂ ಹಕ್ಕಿದೆ ಅಂತ ಹೇಳೋದು ಆ ಕಲ್ಲೊಂದೇ. ಅದನ್ನೇ ಕಿತ್ತೆಯಲ್ಲೇ!”

“ಕಲ್ಲು ಹೇಳುತ್ತೆ ಕಣೋ. ನೀವು ಹೇಳಿದ್ರಾ?” ಅವಳ ದನಿ ಮೆಲ್ಲಗಾಯಿತು. “ಏಪ್ರಿಲ್ ಸಭೇಲಿ ಇವನು ಪಾಳಿ ಕೇಳಿದಾಗ ಎಲ್ಲರೂ ಆಗಲ್ಲ ಅಂತ ಕೈ ಎತ್ತಿದ್ರು. ನಾನು ಕಿಟಕಿ ಹೊರಗೆ ನಿಂತಿದ್ದೆ. ನಿನ್ನ ಕೈ ಮೊದಲನೇದು.”

ಪದ್ಧತಿ ಎಂದು ಲೆಯಾಂದ್ರೊ ಎತ್ತಿದ ಕೈ ಅದು. ಎತ್ತಿ, ಮನೆಗೆ ಹೋಗಿ, ಅವಳು ಕಳಿಸಿದ್ದ ಸಾರಿನಲ್ಲೇ ಊಟ ಮಾಡಿದ್ದ.

“ಕಲ್ಲೆಲ್ಲಿದೆ, ತಾಯಿ?” ಎಂದರು ನ್ಯಾಯಾಧೀಶರು.

“ಸುಣ್ಣದ ಗುಂಡೀಲಿ. ಭಟ್ಟಿಗೆ ಹಾಕಿ ಸುಟ್ಟುಬಿಡು ಅಂತಲೇ ಹೇಳಿದ್ರು. ಕೈ ಬರಲಿಲ್ಲ.”

ಎಲೋಯ್ ಮತ್ತು ಸಿರಿಯಾಕೊ ಸೇರಿ ಕಲ್ಲನ್ನು ಹೊತ್ತು ತಂದರು. ಕಂಬಳಿಯಲ್ಲಿ ಸುತ್ತಿಟ್ಟಿದ್ದಳು. ನ್ಯಾಯಾಧೀಶರು ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಸಲಿಕೆಯ ಹಿಡಿಯನ್ನೂ ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ದೋನ್ ಆಲ್ವಾರೊನ ಕಡೆ ತಿರುಗಿ, ವೀರನ ಗುರುತು ಇದರಲ್ಲಿ ಎಲ್ಲೂ ಕಾಣುತ್ತಿಲ್ಲ, ಗುಡ್ಡ ಸುಣ್ಣ ಸುಡುವವರದೇ ಎಂದರು. ಅವನನ್ನೂ ಪೇಟೆಯವರೆಗೆ ಬಂದು ಹೇಳಿಕೆ ಕೊಡಲು ಹೇಳಿದರು. ಜನ ಕೂಗಿದರು, ಟೋಪಿ ಹಾರಿಸಿದರು, ಯಾರೋ ಗಂಟೆ ಹೊಡೆಯಲು ಓಡಿದರು. ಲೆಯಾಂದ್ರೊಗೆ ಅದಾವುದೂ ಕಿವಿಗೆ ಬೀಳಲಿಲ್ಲ.

ಗುಮಾಸ್ತ ಇಗರ್ಜಿಯ ಮೆಟ್ಟಿಲ ಮೇಲೆ ಟೈಪ್‌ರೈಟರ್ ಇಟ್ಟು ಕಾಗದ ಏರಿಸಿದ.

“ಆರೋಪಿಯ ಹೆಸರು? ಎರಡೂ ಮನೆತನ ಸೇರಿಸಿ ಹೇಳಿ.”

“ಸಗ್ರಾರಿಯೊ ಕಲೇರೊ ಪಿನೇದಾ,” ಎಂದ ಲೆಯಾಂದ್ರೊ.

ಕಟ ಕಟ ಸದ್ದಾಯಿತು.

“ದೂರು ಕೊಡುತ್ತಿರುವ ಪೇದೆಯ ಹೆಸರು?”

“ಲೆಯಾಂದ್ರೊ ಕಲೇರೊ ಪಿನೇದಾ.”

ಗುಮಾಸ್ತ ಕೈ ತಡೆದ. “ಮನೆತನ ಎರಡೂ ಅವೇ ಹೇಳಿದಿರಿ. ತಪ್ಪಾಯಿತೇನೋ?”

“ತಪ್ಪಿಲ್ಲ. ಬರ್ಕೊಳ್ಳಿ.”

ಕಾಗದ ಮುಗಿಯಿತು. ಸಹಿ ಮಾಡಲು ಲೆಯಾಂದ್ರೊನ ಮುಂದೆ ಪೆನ್ನು ಹಿಡಿದರು. ಅವನು ಪೆನ್ನನ್ನು ಕಾಗದಕ್ಕೆ ಊರಿದರೂ ಮೊದಲ ಅಕ್ಷರವೇ ಮೂಡಲಿಲ್ಲ.

“ಬರೆಯೋಕೆ ಬರುತ್ತೆ ಅವನಿಗೆ,” ಎಂದಳು ಸಗ್ರಾರಿಯೊ, ಗುಮಾಸ್ತನಿಗೆ. “ನಾನೇ ಕೈ ಹಿಡಿದು ತಿದ್ದಿಸಿದ್ದು.”

ಅವಳು ತಮ್ಮನ ಕಡೆ ನೋಡಲಿಲ್ಲ. ಲೆಯಾಂದ್ರೊ ಸಹಿ ಹಾಕಿದ.